ಹೂವಿಗೆ ಬಂದವರೆಲ್ಲ ಜೇನಲ್ಲ

ಸಂಪಾದಕರಿಗೆ ನಮಸ್ಕಾರ.

ಮೇ 20ರ ವಿಶ್ವ ಜೇನುನೊಣ ದಿನಕ್ಕೆ ನಿಮ್ಮ ಪುರವಣಿಯಲ್ಲಿ ಅರ್ಧ ಪುಟದ ಲೇಖನ ಬಂದಿತ್ತು. ಜೊತೆಗೆ ಚೆಂಡುಹೂವಿನ ಮೇಲೆ ಕೂತ ಹುಳದ ಬಣ್ಣದ ಚಿತ್ರ. ಕೆಳಗೆ 'ಮಕರಂದ ಹೀರುತ್ತಿರುವ ಜೇನು' ಅಂತ ಒಂದು ಸಾಲು. ನಾನು ಕಾಫಿ ಲೋಟ ಕೆಳಗಿಟ್ಟು, ಮೊಮ್ಮಗಳ ಭೂತಗನ್ನಡಿ ತಂದು ನೋಡಿದೆ. ಅದು ಜೇನಲ್ಲ. ನೊಣ.

ಹೇಗೆ ಗೊತ್ತಾಯಿತು ಅಂತ ಕೇಳಬಹುದು. ಕಣ್ಣು ನೋಡಿ, ತಲೆ ಪೂರ್ತಿ ಕಣ್ಣೇ. ಮೀಸೆ ಇದ್ದೂ ಇಲ್ಲದ ಹಾಗೆ ಮೋಟು. ಜೇನಿನ ಮೀಸೆಯಾದರೆ ಮೊಣಕೈ ಮಡಿಸಿದ ಹಾಗೆ ಬಾಗಿ ಮುಂದಕ್ಕೆ ಚಾಚಿರುತ್ತದೆ. ಇನ್ನು ರೆಕ್ಕೆ. ಜೇನಿಗೆ ನಾಲ್ಕು, ನೊಣಕ್ಕೆ ಎರಡೇ. ಉಳಿದೆರಡರ ಜಾಗದಲ್ಲಿ ಗುಂಡುಸೂಜಿಯ ತಲೆಯಂಥದ್ದು ಏನೋ ಇರುತ್ತದೆ ಅಷ್ಟೆ. ಇಂಗ್ಲಿಷಿನಲ್ಲಿ ಇದನ್ನು ಹೋವರ್ ಫ್ಲೈ ಅನ್ನುತ್ತಾರೆ, ಫ್ಲವರ್ ಫ್ಲೈ ಅಂತಲೂ ಕರೆಯುತ್ತಾರೆ. ಹಳದಿ ಕಪ್ಪು ಪಟ್ಟೆ ಬಳಿದುಕೊಂಡು ಜೇನಿನ ವೇಷದಲ್ಲಿ ಓಡಾಡುತ್ತದೆ. ಕುಟುಕಲು ಅದಕ್ಕೆ ಮುಳ್ಳೇ ಇಲ್ಲ. ಹಕ್ಕಿಗಳು ಹತ್ತಿರ ಬರದಿರಲಿ ಅಂತ ಈ ವೇಷ. ನಿಮ್ಮ ಪತ್ರಿಕೆಯೂ ಮೋಸ ಹೋಗಿದೆ ಅಂದರೆ ವೇಷ ಚೆನ್ನಾಗಿದೆ ಅಂತಲೇ ಲೆಕ್ಕ.

ಬರೀ ಚಿತ್ರದ ತಪ್ಪಾಗಿದ್ದರೆ ಈ ಕಾಗದ ಬರೆಯುತ್ತಿರಲಿಲ್ಲ. ಅವತ್ತು ಒಂದು ಇಂಗ್ಲಿಷ್ ಪತ್ರಿಕೆಯಲ್ಲೂ ಇದೇ ಲೇಖನ ಬಂದಿತ್ತು. ಮಗನ ಫೋನಿನಲ್ಲಿ ಅದನ್ನು ತೆರೆದು, ನಿಮ್ಮದನ್ನು ಪಕ್ಕದಲ್ಲಿ ಇಟ್ಟುಕೊಂಡು ಓದಿದೆ. ಅಲ್ಲಿ 'ಬೀ' ಅಂತ ಇದ್ದ ಕಡೆ ನೀವು 'ಜೇನು' ಅಂತ ಹಾಕಿದ್ದೀರಿ. 'ಹನಿ ಬೀ', ಅಂದರೆ ಜೇನುತುಪ್ಪ ಕೂಡಿಡುವ ಬೀ, ಅಂತ ಇದ್ದ ಕಡೆಯೂ 'ಜೇನು'. 'ಪಾಲಿನೇಟರ್', ಅಂದರೆ ಹೂವಿನಿಂದ ಹೂವಿಗೆ ಪರಾಗ ಒಯ್ಯುವ ಜೀವಿ, ಅಂತ ಇದ್ದ ಕಡೆಯೂ 'ಜೇನು'. ಮೂರು ಮಾತಿಗೆ ಒಂದೇ ಮೊಹರು.

ಚಾಮರಾಜಪೇಟೆಯ ಒಂದು ಪ್ರೆಸ್ಸಿನಲ್ಲಿ 31 ವರ್ಷ ಕರಡು ತಿದ್ದಿದವಳು ನಾನು. ಕೆಲಸಕ್ಕೆ ಸೇರಿದಾಗ ಅಚ್ಚಿನ ಮೊಳೆ ಜೋಡಿಸುತ್ತಿದ್ದರು, ಬಿಡುವಾಗ ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಡಿಟಿಪಿ ಬಂದಿತ್ತು. ಈಗ ಹನುಮಂತನಗರದ ಮನೆಯಲ್ಲಿ ತಾರಸಿ ತುಂಬ ಗಿಡ ಇಟ್ಟುಕೊಂಡಿದ್ದೇನೆ. ಯಾರಾದರೂ ಕೇಳಿದರೆ ಇಂಗ್ಲಿಷಿನಿಂದ ಕನ್ನಡಕ್ಕೆ ಒಂದೆರಡು ಪುಟ ಮಾಡಿಕೊಡುತ್ತೇನೆ. ತಿದ್ದುವ ಚಟ ಮಾತ್ರ ಹೋಗಿಲ್ಲ. ಮದುವೆ ಕಾರ್ಡ್ ಕೈಗೆ ಬಂದರೂ ಹುಡುಗ ಯಾರು ಅಂತ ನೋಡುವ ಮೊದಲು ಒತ್ತಕ್ಷರ ಸರಿ ಇದೆಯಾ ಅಂತ ನೋಡುತ್ತೇನೆ. ಮನೆಯವರಿಗೆ ಇದು ನಗೆ.

ಇದನ್ನೆಲ್ಲ ಮಗನಿಗೆ ತೋರಿಸಿದೆ. "ಅಮ್ಮಾ, ಎರಡೂ ಒಂದೇ ಅಲ್ವಾ? ಸುಮ್ನೆ ಯಾಕೆ ತಲೆ ಕೆಡಿಸ್ಕೋತೀಯ" ಅಂದ. ಒಂದೇ ಅಲ್ಲ. ಬೀ ಅನ್ನುವುದು ಒಂದು ಕುಲದ ಹೆಸರು, ಪಾಲಿನೇಟರ್ ಅನ್ನುವುದು ಒಂದು ಕೆಲಸದ ಹೆಸರು. ಬೆಂಗಳೂರಿನ ಭಾಷೆಯಲ್ಲೇ ಹೇಳಿದೆ ಅವನಿಗೆ. ಬೀ ಅಂದರೆ ಉಡುಪಿಯವರು ಅಂತ ಇಟ್ಟುಕೋ, ಪಾಲಿನೇಟರ್ ಅಂದರೆ ಹೋಟೆಲಿನವರು. ಇಡ್ಲಿ ವಡೆ ಸಿಗುವ ಕಡೆಯನ್ನೆಲ್ಲ ಉಡುಪಿ ಹೋಟೆಲ್ ಅಂದು ನಮಗೆ ರೂಢಿ. ಹಾಗಂತ ಉಡುಪಿಯವರೆಲ್ಲ ಹೋಟೆಲ್ ಇಟ್ಟಿದ್ದಾರಾ? ಹೋಟೆಲ್ ಇಟ್ಟವರೆಲ್ಲ ಉಡುಪಿಯವರಾ? ದಾವಣಗೆರೆ ಬೆಣ್ಣೆದೋಸೆಯವರು, ಬಿಡದಿ ತಟ್ಟೆ ಇಡ್ಲಿಯವರು ಎಲ್ಲಿಗೆ ಹೋಗಬೇಕು? ಅವನು ನಕ್ಕ. ಆದರೆ ಫೋನ್ ಕೆಳಗಿಟ್ಟು ಕೇಳಿದ.

ಕೆಲಸದ ಹೆಸರು ಅಂದಮೇಲೆ ಆ ಕೆಲಸ ಮಾಡಿದವರಿಗೆಲ್ಲ ಅದು ಸಲ್ಲಬೇಕು. ಒಂದು ಹೂವಿನ ಪರಾಗವನ್ನು ಇನ್ನೊಂದು ಹೂವಿಗೆ ಮುಟ್ಟಿಸಿದರೆ ಆಯಿತು, ಅವರು ಪಾಲಿನೇಟರ್. ನನ್ನ ತವರು ತೀರ್ಥಹಳ್ಳಿ ಕಡೆ. 2000ದ ದಶಕದ ಆರಂಭದಲ್ಲಿ ಅಲ್ಲೆಲ್ಲ ವೆನಿಲ್ಲಾ ಹುಚ್ಚು ಹಿಡಿದಿತ್ತು. ವೆನಿಲ್ಲಾ ಮೆಕ್ಸಿಕೋ ಕಡೆಯ ಬಳ್ಳಿ, ಅಲ್ಲಿನ ಹುಳ ಇಲ್ಲಿಲ್ಲ. ಹೂವು ಅರಳುವುದು ಒಂದೇ ದಿನ, ಅದೂ ಬೆಳಗಿನ ಹೊತ್ತು. ನಮ್ಮ ಅತ್ತಿಗೆ ನಸುಕಿನಲ್ಲೇ ಎದ್ದು, ಹಲ್ಲುಕಡ್ಡಿ ಹಿಡಿದು ತೋಟಕ್ಕೆ ಇಳಿಯುತ್ತಿದ್ದರು. ಹೂವಿನೊಳಗೆ ಒಂದು ಪೊರೆ ಅಡ್ಡ ಇರುತ್ತದೆ. ಅದನ್ನು ಕಡ್ಡಿಯಿಂದ ಮೇಲೆತ್ತಿ, ಹೆಬ್ಬೆರಳಲ್ಲಿ ಮೆಲ್ಲಗೆ ಒತ್ತಬೇಕು. ಮಧ್ಯಾಹ್ನದ ಒಳಗೆ ನೂರಾರು ಹೂವು. ಈ ಉಪಾಯವನ್ನು 1841ರಲ್ಲಿ ರಿಯೂನಿಯನ್ ದ್ವೀಪದಲ್ಲಿ ಎಡ್ಮಂಡ್ ಆಲ್ಬಿಯಸ್ ಅನ್ನುವ ಹುಡುಗ ಕಂಡುಕೊಂಡ. ಆಗ ಅವನಿಗೆ 12 ವರ್ಷ, ಗುಲಾಮ. ಇವತ್ತಿಗೂ ಜಗತ್ತಿನ ವೆನಿಲ್ಲಾ ಬಹುಪಾಲು ಅವನ ಕೈಚಳಕದ ಮೇಲೇ ನಿಂತಿದೆ. ಅಲ್ಲಿಗೆ ಆ ತೋಟದ ಪಾಲಿನೇಟರ್ ನಮ್ಮ ಅತ್ತಿಗೆ. ನಿಮ್ಮ ಲೇಖನದ ಲೆಕ್ಕದಲ್ಲಿ ಅವರನ್ನೂ ಜೇನು ಅನ್ನಬೇಕಾಗುತ್ತದೆ. ಅತ್ತಿಗೆಗೆ ಹೇಳಿದರೆ ಬೇಜಾರೇನೂ ಆಗಲಾರದು ಬಿಡಿ. ವೆನಿಲ್ಲಾ ಬೆಲೆ ಬಿದ್ದದ್ದಕ್ಕೆ ಮಾತ್ರ ಅವರಿಗೆ ಇನ್ನೂ ಬೇಜಾರಿದೆ.

ನನ್ನ ತಾರಸಿಗೇ ಬನ್ನಿ. ಪಡವಲ ಬಳ್ಳಿಯ ಹೂವು ಅರಳುವುದು ಕತ್ತಲಾದ ಮೇಲೆ. ಬಿಳಿ ನೂಲು ಬಿಡಿಸಿ ಇಟ್ಟ ಹಾಗಿರುತ್ತದೆ. ಆ ಹೊತ್ತಿಗೆ ಜೇನು ಗೂಡಿನಲ್ಲಿ. ಬರುವುದು ಪತಂಗಗಳು. ಸೋರೆಯದೂ ಅದೇ ಕತೆ, ಸಂಜೆಗೆ ಅರಳಿ ರಾತ್ರಿಗೆ ಕಾಯುವ ಹೂವು. ದೀಪ ಆರಿಸಿ ಸ್ವಲ್ಪ ಹೊತ್ತು ಸುಮ್ಮನೆ ಕೂತರೆ, ಒಂದು ದೊಡ್ಡ ಪತಂಗ ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದ ಸೊಂಡಿಲು ಚಾಚುವುದು ಕಾಣುತ್ತದೆ. ಪಕ್ಕದ ಮನೆಯ ದಾಸವಾಳಕ್ಕೆ ಸೂರಕ್ಕಿ ಬರುತ್ತದೆ. ಬೂರುಗದ ಹೂವಿಗೆ ರಾತ್ರಿ ಬಾವಲಿ ಬರುತ್ತದೆ. ಮಾವಿನ ಹೂವಿಗೆ ನೊಣಗಳೇ ದೊಡ್ಡ ಆಸರೆ. ಮಾವಿನಹಣ್ಣನ್ನು ನೊಣ ಮುತ್ತಿದರೆ ಓಡಿಸುತ್ತೇವೆ, ಹಣ್ಣು ಆಗುವ ಮೊದಲು ಹೂವಿಗೆ ಮುತ್ತಿದ್ದು ನಮಗೆ ಗೊತ್ತೇ ಇರುವುದಿಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಕೋಕೋ ಬೆಳೆಯುತ್ತಾರಲ್ಲ, ಅದರ ಹೂವಿಗೆ ಹೊಗುವುದು ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ನುಸಿ. ಮೊಮ್ಮಗಳ ಚಾಕೊಲೇಟ್ ಆ ನುಸಿಯ ದಯೆ.

ಅತ್ತಿ ಮರದ್ದು ಎಲ್ಲಕ್ಕಿಂತ ವಿಚಿತ್ರ. ನಮ್ಮ ರಸ್ತೆಯ ಮೂಲೆಯಲ್ಲಿ ಒಂದಿದೆ, ಹಣ್ಣು ಬಿದ್ದು ಫುಟ್‌ಪಾತ್ ಕೆಂಪಾಗುತ್ತದೆ. ಅತ್ತಿಹಣ್ಣು ಬಿಚ್ಚಿದರೆ ಹುಳ ಅಂತ ನಾವು ಆಡಿಕೊಳ್ಳುತ್ತೇವೆ. ಆ ಹುಳ ಇಲ್ಲದಿದ್ದರೆ ಅತ್ತಿಯೇ ಇಲ್ಲ. ಅತ್ತಿಯ ಹೂವು ಕಾಯಿಯ ಒಳಗಡೆ ಇರುತ್ತದೆ. ತುದಿಯಲ್ಲಿ ಸೂಜಿಮೊನೆಯಷ್ಟು ಬಾಯಿ. ಸಣ್ಣದೊಂದು ಕಣಜದ ಹುಳ ಅದರಲ್ಲಿ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಕಿತ್ತು ಹೋಗುತ್ತದೆ. ಒಳಗೆ ಮೊಟ್ಟೆ ಇಟ್ಟು, ಹೊತ್ತು ತಂದ ಪರಾಗ ಮುಟ್ಟಿಸಿ, ಅಲ್ಲೇ ಸಾಯುತ್ತದೆ. ಆಲಕ್ಕೆ, ಅರಳಿಗೆ, ಗೋಣಿ ಮರಕ್ಕೆ ಬೇರೆ ಬೇರೆ ಕಣಜ. ಒಂದರ ಕೆಲಸ ಇನ್ನೊಂದು ಮಾಡುವುದು ಅಪರೂಪ. ಬೆಂಗಳೂರಿನ ಎಷ್ಟೋ ನೆರಳು ಈ ಮರಗಳದ್ದೇ. ಅದರಲ್ಲಿ ಜೇನಿನ ಪಾಲು ಏನೂ ಇಲ್ಲ.

ಇಂಗ್ಲಿಷಿನವರು ತುಂಬಾ ಶುದ್ಧ ಅಂತಲೂ ತಿಳಿಯಬೇಡಿ. ಅವರಲ್ಲೂ ಕಲಸುಮೇಲೋಗರ ಜಾಸ್ತಿಯೇ ಇದೆ. ಬೀ ಕುಲದಲ್ಲಿ ಜಗತ್ತಿನಲ್ಲಿ 20,000ಕ್ಕೂ ಹೆಚ್ಚು ಬಗೆ. ಅದರಲ್ಲಿ ಹನಿ ಬೀ ಅನ್ನಿಸಿಕೊಳ್ಳುವವು ಹತ್ತು ಹನ್ನೊಂದು ದಾಟುವುದಿಲ್ಲ. ಉಳಿದವರಲ್ಲಿ ಹೆಚ್ಚಿನವರು ಒಂಟಿಗರು. ಕೂಡಿ ಕಟ್ಟುವ ಗೂಡಿಲ್ಲ, ರಾಣಿ ಇಲ್ಲ, ಕೂಡಿಡುವ ತುಪ್ಪವೂ ಇಲ್ಲ. ಆದರೂ ಬೀ ಅಂದ ಕೂಡಲೇ ಅವರ ಮಕ್ಕಳು ಬರೆಯುವ ಚಿತ್ರ ಹನಿ ಬೀಯದೇ. ಅಮೆರಿಕದಲ್ಲಿ 'ಸೇವ್ ದ ಬೀಸ್' ಅಂತ ಟೀ ಶರ್ಟ್ ಹಾಕಿಕೊಳ್ಳುತ್ತಾರೆ, ಮೇಲೆ ಹನಿ ಬೀ ಚಿತ್ರ. ಅದು ಆ ನೆಲದ್ದೇ ಅಲ್ಲ. 1622ರಲ್ಲಿ ಯುರೋಪಿನಿಂದ ಹಡಗಿನಲ್ಲಿ ವರ್ಜೀನಿಯಾಕ್ಕೆ ಬಂದದ್ದು. ಆ ನೆಲದ ಬೀಗಳು ಬೇರೆ, ಕಷ್ಟ ಪಡುತ್ತಿರುವ ಅವುಗಳ ಚಿತ್ರ ಟೀ ಶರ್ಟಿನ ಮೇಲೆ ಬರುವುದು ಕಡಿಮೆ.

ಕರಡು ತಿದ್ದುವವಳಿಗೆ ಖುಷಿ ಕೊಡುವ ಒಂದು ಸಂಗತಿ ಹೇಳಿಬಿಡುತ್ತೇನೆ. ಇಂಗ್ಲಿಷ್ ನಿಘಂಟುಗಳಲ್ಲಿ ಹನಿಬೀ ಒಂದೇ ಪದ. ಕೀಟ ವಿಜ್ಞಾನಿಗಳು ಒಪ್ಪುವುದಿಲ್ಲ. ನಡುವೆ ಜಾಗ ಬಿಟ್ಟು ಎರಡು ಪದವಾಗಿ ಬರೆಯುತ್ತಾರೆ. ಸ್ನಾಡ್‌ಗ್ರಾಸ್ ಅನ್ನುವ ವಿಜ್ಞಾನಿ ಜೇನಿನ ಅಂಗರಚನೆಯ ಬಗ್ಗೆ 1956ರಲ್ಲಿ ತಂದ ಪುಸ್ತಕದಲ್ಲಿ ಇದನ್ನು ವಾದಿಸಿದ್ದಾರೆ. ನಿಯಮ ಸರಳ. ಹೆಸರಿನಲ್ಲಿರುವುದು ನಿಜಕ್ಕೂ ಅದೇ ಆಗಿದ್ದರೆ ಬಿಡಿಸಿ ಬರೆಯಿರಿ, ಅಲ್ಲದಿದ್ದರೆ ಕೂಡಿಸಿ. ಹೌಸ್ ಫ್ಲೈ ನಿಜವಾದ ನೊಣ, ಹಾಗಾಗಿ ಎರಡು ಪದ. ಬಟರ್‌ಫ್ಲೈ ನೊಣ ಅಲ್ಲ, ಹಾಗಾಗಿ ಒಂದು ಪದ. ಹನಿ ಬೀ ನಿಜವಾದ ಬೀ, ಬಿಡಿಸಿ ಬರೆಯಬೇಕು. ಒಂದು ಖಾಲಿ ಜಾಗ ಇಷ್ಟು ಮಾತಾಡುತ್ತದೆ ನೋಡಿ. ನಾವು ಪ್ರೆಸ್ಸಿನಲ್ಲಿ ಜಾಗ ಉಳಿಸಲು ಇಂಥವನ್ನೆಲ್ಲ ಒತ್ತಿ ಸೇರಿಸುತ್ತಿದ್ದೆವು.

ಆ ನಿಯಮವನ್ನು ಕನ್ನಡಕ್ಕೆ ಹಾಕಿದರೆ ನಮ್ಮ 'ಜೇನುನೊಣ' ಏನಾಗಬೇಕು? ಜೇನು ನೊಣ ಅಲ್ಲವಲ್ಲ. ತೆಲುಗಿನವರು ತೇನೆಟೀಗ ಅನ್ನುತ್ತಾರೆ, ಅಲ್ಲೂ ಈಗ ಅಂದರೆ ನೊಣ. ಹಿಂದಿಯ ಮಧುಮಕ್ಖಿಯಲ್ಲೂ ನೊಣವೇ. ಸದ್ಯ, ನಾವು ಕೂಡಿಸಿಯೇ ಬರೆಯುತ್ತಿದ್ದೇವೆ. ಗೊತ್ತಿಲ್ಲದೆಯೇ ಸ್ನಾಡ್‌ಗ್ರಾಸ್ ಮಾತು ನಡೆಸಿದ್ದೇವೆ.

ನಮ್ಮ 'ಜೇನು' ಅನ್ನುವ ಮಾತಿನದ್ದು ಬೇರೆಯೇ ಒಂದು ಗುಣ. ಜೇನು ಕಟ್ಟಿದೆ ಅಂದರೆ ಗೂಡು. ಜೇನು ಕಚ್ಚಿತು ಅಂದರೆ ಹುಳ. ಜೇನು ನೆಕ್ಕಿದೆ ಅಂದರೆ ತುಪ್ಪ. ಹುಳ, ಮನೆ, ಊಟ ಮೂರಕ್ಕೂ ಒಂದೇ ಹೆಸರು. ಹಾಗಾಗಿ ತುಪ್ಪ ಕೊಡದ ಹುಳವನ್ನು ಜೇನು ಅನ್ನಲು ನಾಲಗೆ ಏಳುವುದಿಲ್ಲ. ತುಪ್ಪ ಕೊಡುವವರಿಗೆ ಹೆಸರು ಬೇಕಾದಷ್ಟಿವೆ. ಹೆಜ್ಜೇನು, ತುಡುವೆ, ಕೋಲುಜೇನು, ಮುಳ್ಳಿಲ್ಲದ ಮಿಸ್ರಿ. ತುಪ್ಪ ಕೊಡದವರಲ್ಲಿ ಹೆಸರು ಪಡೆದದ್ದು ದುಂಬಿ ಒಂದೇ ಅಂತ ಕಾಣುತ್ತದೆ. ಅದಕ್ಕೂ ಕವಿಗಳ ಕೃಪೆ. ದಪ್ಪಗೆ, ಕಪ್ಪಗೆ, ನೀಲಿ ಮಿನುಗುವ ರೆಕ್ಕೆ. ಹಳೆ ಮನೆಯ ತೊಲೆಗೆ, ಒಣ ಬಿದಿರಿಗೆ ತೂತು ಕೊರೆದು ಇರುತ್ತದೆ. ಇಂಗ್ಲಿಷಿನಲ್ಲಿ ಕಾರ್ಪೆಂಟರ್ ಬೀ. ಅನುವಾದಗಳಲ್ಲಿ ಬಂಬಲ್ ಬೀಗೂ ದುಂಬಿ ಅಂತಲೇ ಹಾಕುತ್ತಾರೆ. ಬಂಬಲ್ ಬೀ ಮೈತುಂಬ ಉಣ್ಣೆ ಹೊದ್ದ ಚಳಿನಾಡಿನ ಪ್ರಾಣಿ, ನಮ್ಮ ದೇಶದಲ್ಲಿ ಅದರ ಮನೆ ಹಿಮಾಲಯದ ಕಡೆ. ಹನುಮಂತನಗರದಲ್ಲಿ ಗುಂಯ್ ಅನ್ನುವುದು ಅದಲ್ಲ.

ಇಷ್ಟು ಹೇಳಿದವಳು ನನ್ನ ತಪ್ಪನ್ನೂ ಹೇಳಬೇಕು. ಮೂರು ವರ್ಷದ ಹಿಂದೆ ಒಂದು ಅಪಾರ್ಟ್‌ಮೆಂಟಿನ ಸಂಘದವರು ಇಂಗ್ಲಿಷಿನ ಕರಪತ್ರ ತಂದುಕೊಟ್ಟರು. ತಲೆಬರಹ 'ಸೇವ್ ಅವರ್ ಪಾಲಿನೇಟರ್ಸ್'. ಕನ್ನಡ ಮಾಡಿಕೊಡಿ ಮೇಡಂ, ಮಾಲಿಗಳಿಗೆ, ಮನೆಗೆಲಸದವರಿಗೆ ಹಂಚಬೇಕು ಅಂದರು. 600 ರೂಪಾಯಿ ಮಾತಾಯಿತು. ನಾನು 'ಪರಾಗಸ್ಪರ್ಶಕಗಳನ್ನು ಉಳಿಸಿ' ಅಂತ ಬರೆದೆ. ಡಿಟಿಪಿ ಹುಡುಗ ಫೋನ್ ಮಾಡಿದ. "ಮೇಡಂ, ಒಂದು ಸಾಲಲ್ಲಿ ಕೂರ್ತಾ ಇಲ್ಲ. ಅಕ್ಷರ ಸಣ್ಣ ಮಾಡಿದ್ರೆ ಎದ್ದು ಕಾಣಲ್ಲ. ಜೇನು ಅಂತ ಹಾಕ್ಲಾ?" ಒಲೆಯ ಮೇಲೆ ಸಾರು ಉಕ್ಕುತ್ತಿತ್ತು. ಹಾಕಪ್ಪ ಅಂದೆ. ತಲೆಬರಹದಲ್ಲಿ ಜೇನು ಅಂತ ಆದ ಮೇಲೆ ಒಳಗೂ ಹಾಗೇ ಇರಲಿ ಅಂತ ಅವನು ಎಲ್ಲ ಕಡೆ ಬದಲಾಯಿಸಿದ. ನಾನು ಕೊನೆಯ ಕರಡು ನೋಡಲಿಲ್ಲ. 31 ವರ್ಷ ಕರಡು ನೋಡಿದವಳು ಅದೊಂದನ್ನು ನೋಡಲಿಲ್ಲ.

ಆಮೇಲೆ ಏನಾಯಿತು ಕೇಳಿ. ಕರಪತ್ರ ಓದಿದ ಸಂಘದವರು ಜೇನು ಉಳಿಸಲು ಎರಡು ತುಡುವೆ ಪೆಟ್ಟಿಗೆ ತಂದು ತಾರಸಿಯಲ್ಲಿಟ್ಟರು. ಟೊಮೆಟೊ, ಬದನೆ ಚೆನ್ನಾಗಿ ಬಿಡುತ್ತದೆ ಅಂತ ಆಸೆ. ಎರಡು ತಿಂಗಳಲ್ಲಿ ಎರಡೂ ಪೆಟ್ಟಿಗೆಯ ಜೇನು ಎದ್ದು ಹೋಯಿತು. ಬಿಸಿಲಿಗೋ, ಇರುವೆ ಕಾಟಕ್ಕೋ, ತುಡುವೆ ಹಾಗೆ ಹೋಗುವುದುಂಟು. ಹೋಗದಿದ್ದರೂ ಬದನೆಗೆ ಹೇಳಿಕೊಳ್ಳುವಂಥ ಉಪಯೋಗ ಆಗುತ್ತಿರಲಿಲ್ಲ.

ಅದೇ ಸಮಯದಲ್ಲಿ ಅಲ್ಲಿನ ಗುಲಾಬಿ ಎಲೆಗಳಲ್ಲಿ ದುಂಡು ದುಂಡಗೆ ಕತ್ತರಿಸಿದ ಗುರುತು ಬಿತ್ತಂತೆ. ಮಾಲಿ ಒಂದು ಎಲೆ ತಂದು ತೋರಿಸಿದ. ಅಂಚಿನಲ್ಲಿ ರವಿಕೆ ಗುಂಡಿಯ ಅಳತೆಯ ಕಚ್ಚು, ಕತ್ತರಿಯಲ್ಲಿ ಕತ್ತರಿಸಿದಷ್ಟು ನುಣುಪು. "ಹುಳ ಬಿದ್ದಿದೆ ಅಕ್ಕ, ಔಷಧಿ ಹೊಡೆದ್ವಿ" ಅಂದ. ಹುಳ ಬಿದ್ದದ್ದಲ್ಲ ಅದು. ಲೀಫ್‌ಕಟರ್ ಬೀ ಅಂತಾರೆ, ಎಲೆ ಕತ್ತರಿಸುವ ಒಂಟಿ ಬೀ. ಎಲೆ ತಿನ್ನುವುದಿಲ್ಲ. ತುಂಡನ್ನು ಹೊತ್ತೊಯ್ದು ಯಾವುದೋ ಪೈಪಿನ ತೂತಿನಲ್ಲಿ ಬೀಡಿ ಸುತ್ತಿದ ಹಾಗೆ ಸುತ್ತಿ, ಒಳಗೆ ಪರಾಗದ ಉಂಡೆ ಇಟ್ಟು, ಅದರ ಮೇಲೊಂದು ಮೊಟ್ಟೆ ಇಡುತ್ತದೆ. ಗಿಡಕ್ಕೆ ಅದರಿಂದ ಹೇಳಿಕೊಳ್ಳುವಂಥ ನಷ್ಟ ಇಲ್ಲ. ಹೊಟ್ಟೆಯಡಿ ಪರಾಗ ಮೆತ್ತಿಕೊಂಡು ಹೂವಿನಿಂದ ಹೂವಿಗೆ ತಿರುಗುವ ಒಳ್ಳೆ ಕೆಲಸಗಾರ್ತಿ.

ಮಾಲಿಯನ್ನು ಬೈಯುವ ಹಾಗಿಲ್ಲ. ನನ್ನ ಕರಪತ್ರ ಅವನ ಜೇಬಿನಲ್ಲೇ ಇತ್ತು. ಅದರಲ್ಲಿ ಜೇನು ಉಳಿಸಿ ಅಂತ ಇತ್ತು. ಅವನು ಜೇನಿಗೆ ಏನೂ ಮಾಡಿರಲಿಲ್ಲ.

ಬದನೆಯ ವಿಷಯ ಅರ್ಧಕ್ಕೆ ಬಿಟ್ಟೆ. ಬದನೆ ಹೂವಿನ ನಡುವೆ ಹಳದಿ ಕೊಳವೆಗಳ ಗೊಂಚಲು ಇದೆಯಲ್ಲ, ಪರಾಗ ಅದರ ಒಳಗಿರುತ್ತದೆ. ಪ್ರತಿ ಕೊಳವೆಯ ತುದಿಗೆ ಪೌಡರ್ ಡಬ್ಬಿಗೆ ಇರುವ ಹಾಗೆ ತೂತು. ಡಬ್ಬಿ ಅಲುಗಾಡಿಸಬೇಕು, ಆಗಲೇ ಬೀಳುವುದು. ಜೇನಿಗೆ ಆ ವಿದ್ಯೆ ಬರುವುದಿಲ್ಲ. ನನ್ನ ತಾರಸಿಯಲ್ಲಿ ಪೇಂಟ್ ಡಬ್ಬದಲ್ಲಿ ನಾಲ್ಕು ಬದನೆ ಗಿಡ ಇವೆ. ಬೆಳಿಗ್ಗೆ ಎಂಟು ದಾಟಿದ ಮೇಲೆ ಒಂದು ಹುಳ ಬರುತ್ತದೆ. ಹೊಟ್ಟೆಯ ಮೇಲೆ ತೆಳು ನೀಲಿ ಪಟ್ಟೆ, ಹಸಿರು ಕಣ್ಣು, ಒಂದು ಕಡೆ ನಿಲ್ಲದ ಚುರುಕು. ಇಂಗ್ಲಿಷಿನಲ್ಲಿ ಬ್ಲೂ ಬ್ಯಾಂಡೆಡ್ ಬೀ. ಹಾರುವಾಗ ಒಂದು ಶ್ರುತಿ. ಹಳದಿ ಕೊಳವೆಯನ್ನು ಕಾಲಲ್ಲಿ ಅಪ್ಪಿ ಹಿಡಿದ ಕೂಡಲೇ ಶ್ರುತಿ ಮೇಲೇರುತ್ತದೆ, ಝೀ ಅಂತ. ರೆಕ್ಕೆ ಬಡಿಯುತ್ತಿರುವುದಿಲ್ಲ, ಮೈ ನಡುಗುತ್ತಿರುತ್ತದೆ. ಎರಡು ಸೆಕೆಂಡ್, ನಿಲ್ಲುತ್ತದೆ, ಮತ್ತೆ ಝೀ. ಅದರ ಹೊಟ್ಟೆ ಮೇಲೆಲ್ಲ ಹಿಟ್ಟು. ಟೊಮೆಟೊ ಹೂವಿಗೂ ಹೀಗೇ. ಟೊಮೆಟೊ ಗಾಳಿಗೆ ಅಲುಗಾಡಿದರೂ ತಕ್ಕಮಟ್ಟಿಗೆ ಕಾಯಿ ಕಟ್ಟುತ್ತದೆ, ಇವರು ಬಂದರೆ ಇನ್ನೂ ಚೆನ್ನ.

ಈ ಹುಳವೂ ಒಂಟಿ, ಕೂಡಿ ಕಟ್ಟುವ ಗೂಡಿಲ್ಲ. ಹೆಣ್ಣು ಮಣ್ಣಿನಲ್ಲಿ, ಹಳೆ ಗೋಡೆಯ ಸಂದಿನಲ್ಲಿ ತೂತು ಮಾಡಿ ಮೊಟ್ಟೆ ಇಡುತ್ತದೆ. ಗಂಡುಗಳು ಸಂಜೆ ನನ್ನ ಕರಿಬೇವಿನ ಒಂದು ಒಣ ಕಡ್ಡಿಗೆ ಬರುತ್ತವೆ. ಸಾಲಾಗಿ ಕೂತು, ಕಡ್ಡಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಕಾಲು ಮಡಚಿ ಹಾಗೇ ನಿದ್ದೆ ಹೋಗುತ್ತವೆ. ಒಣಗಿದೆ ಅಂತ ಆ ಕಡ್ಡಿ ಕತ್ತರಿಸಲು ಹೊರಟ ಮನೆಯವರನ್ನು ಎರಡು ಸಲ ತಡೆದಿದ್ದೇನೆ. ತುಪ್ಪ ಕೊಡುತ್ತಾ ಅಂತ ಅವರು ಕೇಳಿದರು. ಇಲ್ಲ, ಬದನೆಕಾಯಿ ಕೊಡುತ್ತೆ ಅಂದೆ.

ಈಗ ನಿಮ್ಮ ಲೇಖನದ ಒಂದು ಸಾಲು. 'ಜಗತ್ತಿನ ಶೇ 75 ಆಹಾರ ಜೇನಿನಿಂದಲೇ ಬರುತ್ತದೆ.' ಇಂಗ್ಲಿಷಿನ ಸಾಲು ಹೀಗಿತ್ತು: ಮುಖ್ಯ ಆಹಾರ ಬೆಳೆಗಳ ಬಗೆಗಳಲ್ಲಿ ಶೇ 75ಕ್ಕಿಂತ ಹೆಚ್ಚು, ಸ್ವಲ್ಪ ಮಟ್ಟಿಗಾದರೂ ಪಾಲಿನೇಟರ್‌ಗಳನ್ನು ಅವಲಂಬಿಸಿವೆ. ಐಪಿಬಿಇಎಸ್ ಅನ್ನುವ, ಜೀವವೈವಿಧ್ಯ ಕುರಿತ ಅಂತರರಾಷ್ಟ್ರೀಯ ವೇದಿಕೆ 2016ರಲ್ಲಿ ಕೊಟ್ಟ ವರದಿಯ ಮಾತು ಅದು. ಇದರ ಹಿಂದೆ 2007ರ ಒಂದು ಅಧ್ಯಯನ ಇದೆ. 115 ಬೆಳೆ ನೋಡಿ 87ಕ್ಕೆ ಪ್ರಾಣಿಗಳ ನೆರವು ಉಪಯೋಗ ಅಂತ ಲೆಕ್ಕ ಹಾಕಿದ್ದರು. ಬೆಳೆಯ ಬಗೆ ಬೇರೆ, ಊಟದ ತೂಕ ಬೇರೆ. ತೂಕದಲ್ಲಿ ನೋಡಿದರೆ ಈ 87 ಬೆಳೆಗಳ ಪಾಲು ಶೇ 35. ಅಕ್ಕಿ, ಗೋಧಿ, ಜೋಳ, ರಾಗಿ ಗಾಳಿಯಲ್ಲೋ ತಮ್ಮಷ್ಟಕ್ಕೆ ತಾವೋ ಕಾಳು ಕಟ್ಟುತ್ತವೆ. ನಮ್ಮ ಮುದ್ದೆಗೆ ಯಾವ ಹುಳದ ಹಂಗೂ ಇಲ್ಲ. ಮುದ್ದೆ ಪಕ್ಕದ ಬದನೆಕಾಯಿ ಬಸ್ಸಾರಿಗೆ ಇದೆ.

ನಿಮ್ಮ ಒಂದು ಸಾಲಿನಲ್ಲಿ ಬೆಳೆಯ ಬಗೆ ಹೋಗಿ ಆಹಾರ ಆಯಿತು. 'ಸ್ವಲ್ಪ ಮಟ್ಟಿಗಾದರೂ' ಹೋಗಿ 'ಇಂದಲೇ' ಆಯಿತು. ಪಾಲಿನೇಟರ್ ಹೋಗಿ ಜೇನು ಆಯಿತು. ಇವೆಲ್ಲ ಜಾಗ ಉಳಿಸಲು ಆದದ್ದೇ ಇರಬೇಕು. ನನಗೆ ಅರ್ಥವಾಗುತ್ತದೆ, ನನ್ನ ಸಾರೂ ಉಕ್ಕಿತ್ತು. ಐನ್‌ಸ್ಟೈನ್ ಹೆಸರಲ್ಲಿ ಕೊನೆಗೆ ಹಾಕಿದ ಮಾತು, ಜೇನು ಹೋದರೆ ಮನುಷ್ಯನಿಗೆ ನಾಲ್ಕೇ ವರ್ಷ ಅಂತ, ಅದನ್ನು ಅವರು ಹೇಳಿದ್ದಕ್ಕೆ ಆಧಾರ ಇಲ್ಲ. ಅದನ್ನು ಪೂರ್ತಿ ತೆಗೆದಿದ್ದರೆ ಉಳಿದ ಮೂರಕ್ಕೂ ಜಾಗ ಸಿಗುತ್ತಿತ್ತು.

ತೀರ ಬೇರೆ ಮಾಡಲು ಆಗುವುದಿಲ್ಲ ಅಂತಲೂ ಗೊತ್ತು. ಆ ದಿನದ ಹೆಸರೇ ಇಂಗ್ಲಿಷಿನಲ್ಲಿ ಬೀ ಡೇ. ಸ್ಲೊವೇನಿಯಾ ದೇಶ ಕೇಳಿಕೊಂಡಿತು ಅಂತ ವಿಶ್ವಸಂಸ್ಥೆ 2017ರ ಡಿಸೆಂಬರಿನಲ್ಲಿ ಒಪ್ಪಿತು. ಅಲ್ಲಿ 1734ರಲ್ಲಿ ಹುಟ್ಟಿದ ಆಂಟನ್ ಯಾನ್ಶಾ ಜೇನು ಸಾಕಣೆ ಕಲಿಸಿದ ಮೇಷ್ಟ್ರು, ಅವರ ನೆನಪಿಗೆ. ಅದು ಅಪ್ಪಟ ಜೇನಿನ ಕತೆ, ಅಲ್ಲಿ ಜೇನು ಅಂತಲೇ ಬರೆಯಬೇಕು. ತುಡುವೆಯ ರೋಗದ ಸುದ್ದಿ ಬಂದರೂ ಜೇನೇ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಅನ್ನುವ ರೋಗ ಬಂದು ನಮ್ಮೂರ ಕಡೆ ಪೆಟ್ಟಿಗೆಗಳೆಲ್ಲ ಖಾಲಿಯಾಗಿದ್ದವು. ನಮ್ಮಪ್ಪನ ಏಳು ಪೆಟ್ಟಿಗೆಯಲ್ಲಿ ಒಂದೂ ಉಳಿಯಲಿಲ್ಲ. ಅವರ ದುಃಖವನ್ನು ಪರಾಗಸ್ಪರ್ಶಕಗಳ ಇಳಿಕೆ ಅಂತ ಬರೆದರೆ ಅದೂ ತಪ್ಪೇ.

ನಾನು ಕೇಳುವುದು ಇಷ್ಟೇ. ಇಂಗ್ಲಿಷಿನಲ್ಲಿ ಹನಿ ಬೀ ಇದ್ದರೆ ಜೇನು ಅನ್ನಿ, ಯಾವ ಜೇನು ಅಂತ ಗೊತ್ತಿದ್ದರೆ ಅದನ್ನೇ ಹೇಳಿ. ಬರೀ ಬೀ ಇದ್ದರೆ ಯಾವುದು ಅಂತ ಒಮ್ಮೆ ವಿಚಾರಿಸಿ. ಜೇನು ಮತ್ತು ಜೇನಿನ ಬಳಗ ಅಂದರೂ ನಡೆಯುತ್ತದೆ. ಪಾಲಿನೇಟರ್ ಇದ್ದರೆ ಮಾತ್ರ ಜೇನು ಬೇಡ. ಪರಾಗಸ್ಪರ್ಶಕ ಅನ್ನುವುದು ಬಾಯಿಗೆ ಭಾರ, ಒಪ್ಪುತ್ತೇನೆ. 'ಪರಾಗ ಒಯ್ಯುವ ಜೀವಿ' ಅಂದರೆ ಮಾಲಿಗೂ ತಿಳಿಯುತ್ತದೆ. ಮೊಮ್ಮಗಳು "ಅಜ್ಜಿ, ಹೂವಿನ ಕೊರಿಯರ್ ಅಂತ ಹಾಕು" ಅಂದಳು. ಅದು ಇನ್ನೂ ಗಿಡ್ಡ, ಒಂದು ಸಾಲಿನಲ್ಲಿ ಆರಾಮಾಗಿ ಕೂರುತ್ತದೆ. ಹಾಕುವ ಧೈರ್ಯ ನನಗಿಲ್ಲ, ನಿಮಗಿದ್ದರೆ ಹಾಕಿ.

ಚಿತ್ರಕ್ಕೆ ತಿದ್ದುಪಡಿ ಹಾಕುವುದಾದರೆ 'ಹೂನೊಣ' ಅಂತ ಹಾಕಿ ಸಾಕು. ಈ ಬಳಗದ ಹಲವು ನೊಣಗಳ ಮರಿಗಳು ಗಿಡದ ಹೇನು ತಿಂದು ಬೆಳೆಯುವವು, ಆ ಒಂದು ಮಾತನ್ನೂ ಸೇರಿಸಿದರೆ ತಾರಸಿ ತೋಟದವರು ಔಷಧಿ ಡಬ್ಬಿ ಕೆಳಗಿಟ್ಟಾರು.

ಹಂಚಿ ಉಳಿದ ಆ ಹಳೆಯ ಕರಪತ್ರಗಳನ್ನು ಸಂಘದವರಿಂದ ವಾಪಸ್ ಕೇಳಿ ತಂದಿದ್ದೇನೆ, 240 ಇವೆ. ದಿನಕ್ಕಿಷ್ಟು ಅಂತ ಕೂತು ತಲೆಬರಹದ 'ಜೇನು' ಹೊಡೆದು ಮೇಲೆ ಕೈಯಲ್ಲಿ ಬರೆಯುತ್ತಿದ್ದೇನೆ. ಒಳಗಿನ ಹನ್ನೊಂದು ಕಡೆಯಲ್ಲಿ ನಾಲ್ಕನ್ನು ಹಾಗೇ ಬಿಟ್ಟಿದ್ದೇನೆ, ಅವು ಜೇನೇ. ನಿನ್ನೆಗೆ 62 ಆಯಿತು. ಕೆಂಪು ಪೆನ್ನು ಮುಗಿದು ನೀಲಿಗೆ ಬಂದಿದ್ದೇನೆ.

ಇಂತಿ ನಿಮ್ಮ ಹಳೆಯ ಓದುಗಾರ್ತಿ,
ಹನುಮಂತನಗರ, ಬೆಂಗಳೂರು